ಕಲ್ಲು ತೆಗೆದೆಯಾ ಎಂದು ಕೇಳುತ್ತಿದ್ದ ಅಕ್ಕ

ಅವರ ಕುತ್ತಿಗೆ ಸದಾ ಸ್ವಲ್ಪ ಎಡಕ್ಕೆ ತಿರುಗಿಯೇ ಇರುತ್ತಿತ್ತು. ಆಫೀಸಿನ ಅಡುಗೆಕೋಣೆಯಲ್ಲಿ ಕಾಫಿಗೆ ಕೂತಾಗಲೂ ನಿಮಿಷಕ್ಕೊಂದು ಸಲ ಎಡಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ಹಿಂದೆ ಇದ್ದದ್ದು ಗೋಡೆ, ಗೋಡೆಯ ಮೇಲೆ ಒಂದು ಕ್ಯಾಲೆಂಡರ್. ಹೊಸದರಲ್ಲಿ ಯಾರೋ ಬರುತ್ತಿದ್ದಾರೆಂದು ನಾನೂ ತಿರುಗಿ ನೋಡುತ್ತಿದ್ದೆ. ಕಾರಣ ಆಮೇಲೆ ಗೊತ್ತಾಯಿತು. ಇಲ್ಲಿ ಸ್ವೀಡನ್‌ನಲ್ಲಿ ಹೆದ್ದಾರಿ ರಿಪೇರಿ ಮಾಡುವಾಗ ಕೆಲಸದವರ ಬೆನ್ನ ಹಿಂದೆ ಒಂದು ಹಳದಿ ಲಾರಿ ನಿಲ್ಲಿಸುತ್ತಾರೆ. ಯಾರಾದರೂ ಗಮನವಿಲ್ಲದೆ ಬಂದು ಗುದ್ದಿದರೆ ಆ ಲಾರಿಗೆ ಗುದ್ದಲಿ, ಜನಕ್ಕೆ ತಾಗದಿರಲಿ ಎಂದು. ಅವರು ಇಪ್ಪತ್ತಾರು ವರ್ಷ ಅಂಥ ಲಾರಿಯಲ್ಲಿ ಕೂತು ಎಡಗಡೆಯ ಕನ್ನಡಿಯನ್ನೇ ನೋಡಿದವರು. ಎರಡು ಸಲ ಗುದ್ದಿಸಿಕೊಂಡವರು. ಎರಡನೆಯ ಸಲಕ್ಕೆ ಬೆನ್ನು ಕೆಟ್ಟಿತು. ಆಗ ರಸ್ತೆ ಬಿಟ್ಟು, ವೆಸ್ಟೆರಾಸ್‌ನಲ್ಲಿರುವ ನಮ್ಮ ಆಫೀಸಿಗೆ ಪರೀಕ್ಷೆಯ ಡ್ರೈವರ್ ಆಗಿ ಬಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗಿದ್ದಾಗಲೇ ಆ ಹೆಸರು ಹಿಡಿದು ಕರೆದವನಲ್ಲ ನಾನು. ಈ ದೇಶದಲ್ಲಿ ಸಾಹೇಬರಿಂದ ಹಿಡಿದು ಎಲ್ಲರನ್ನೂ ಹೆಸರಿನಿಂದಲೇ ಕರೆಯಬೇಕು. ನಾನು ಶಿರಾದವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಹಾಗೆ ಕರೆಯಲು ನಾಲಿಗೆ ಏಳಲಿಲ್ಲ. ಮೊದಲ ದಿನ ‘ಮೇಡಂ’ ಅಂದೆ. ಅವರು ತಮ್ಮ ಅಭ್ಯಾಸದಂತೆ ತಿರುಗಿ ಹಿಂದೆ ನೋಡಿ, “ಯಾರೂ ಇಲ್ವಲ್ಲ, ಯಾರನ್ನ ಕರೀತಿದ್ದೀಯ?” ಎಂದರು. ಕೊನೆಗೆ, ನಮ್ಮಲ್ಲಿ ದೊಡ್ಡವರನ್ನು ಅಕ್ಕ ಅನ್ನುತ್ತೇವೆ, ಅಕ್ಕ ಅಂದರೆ ಇದು ಎಂದು ವಿವರಿಸಿದೆ. “ನನಗೆ ತಮ್ಮ ಇರ್ಲಿಲ್ಲ. ಆಗ್ಲಿ,” ಎಂದರು. ಅಲ್ಲಿಂದ ಅಕ್ಕ. ನಮ್ಮ ಮಾತೆಲ್ಲ ಅರ್ಧ ಇಂಗ್ಲಿಷು, ಅರ್ಧ ನನ್ನ ಹರಕು ಸ್ವೀಡಿಷು. ಇಲ್ಲಿ ಅದನ್ನು ನಮ್ಮ ಮಾತಿನಲ್ಲಿ ಬರೆದಿದ್ದೇನೆ.

ನನ್ನ ಓದು ತಡವಾದ ಓದು. ಎಸ್ಸೆಸ್ಸೆಲ್ಸಿ ಎರಡು ಸಲ ಕೈಕೊಟ್ಟಿತು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಒಂಬತ್ತು ವರ್ಷ ಲಾರಿಗಳ ವೈರಿಂಗ್ ಕೆಲಸ ಮಾಡಿದ ಮೇಲೆ, ಮೀಸೆ ಪೂರ್ತಿ ಬಂದವನು ಹೋಗಿ ಡಿಪ್ಲೊಮಾ ತರಗತಿಯಲ್ಲಿ ಕೂತೆ. ಅಲ್ಲಿಂದ ಬೆಂಗಳೂರಿನ ಒಂದು ಕಂಪನಿ, ಅಲ್ಲಿಂದ ಇಲ್ಲಿ ಆರು ತಿಂಗಳ ಪ್ರೊಬೇಷನ್.

ಕೆಲಸ ಇಷ್ಟು: ಜರ್ಮನಿಯಲ್ಲಿ ಹೊರಟ ಲಾರಿ ಡೆನ್ಮಾರ್ಕ್ ದಾಟಿ, ಸೇತುವೆ ಹತ್ತಿ ಸ್ವೀಡನ್‌ಗೆ ಬರುತ್ತದೆ. ದಾರಿಯಲ್ಲಿ ಎಲ್ಲಾದರೂ ರಸ್ತೆ ಕೆಲಸ ನಡೆಯುತ್ತಿದ್ದರೆ, ಡ್ರೈವರ್ ಮುಂದಿನ ಪರದೆಯಲ್ಲಿ ಅವನ ಭಾಷೆಯಲ್ಲೇ ‘ಮುಂದೆ ರಸ್ತೆಯಲ್ಲಿ ಜನರಿದ್ದಾರೆ’ ಎಂದು ಮೊದಲೇ ಬರಬೇಕು. ಈ ಎಚ್ಚರಿಕೆ ಕಳಿಸುವ ರಸ್ತೆ ಬದಿಯ ಪೆಟ್ಟಿಗೆ ಒಂದೊಂದು ದೇಶದಲ್ಲಿ ಒಂದೊಂದು ಥರ. ಎಲ್ಲ ಪೆಟ್ಟಿಗೆಗಳ ಮಾತೂ ಎಲ್ಲ ಲಾರಿಗಳಿಗೂ ತಿಳಿಯುವಂತೆ ಮಾಡುವುದು ಆರು ದೇಶ ಸೇರಿ ಮಾಡುತ್ತಿದ್ದ ಕೆಲಸ. ನಾನು ಪೆಟ್ಟಿಗೆಯಿಂದ ಎಚ್ಚರಿಕೆ ಕಳಿಸುತ್ತಿದ್ದೆ. ಅಕ್ಕ ಗಾಡಿ ಓಡಿಸಿಕೊಂಡು ಹೋಗಿ ಅದು ಬಂತೋ ಇಲ್ಲವೋ ನೋಡುತ್ತಿದ್ದರು.

ಒಂದು ಮಧ್ಯಾಹ್ನ ರಸ್ತೆ ಬದಿ ಗಾಡಿ ನಿಲ್ಲಿಸಿ ಊಟ ಮಾಡುತ್ತಿದ್ದೆವು. ನನ್ನದು ಚಪಾತಿ ಪಲ್ಯ, ಅವರದು ಒಣ ಬ್ರೆಡ್ಡಿನ ಮೇಲೆ ಚೀಸು.

“ನಿಮ್ಮೂರಲ್ಲಿ ಲಾರಿ ಕೆಟ್ಟು ನಿಂತ್ರೆ ಹಿಂದಿನವರಿಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು.

“ಮರದಿಂದ ಸೊಪ್ಪು ಮುರಿದು ಹಿಂದೆ ಹಾಕ್ತೀವಿ, ಅಕ್ಕ. ಇನ್ನೂ ಹಿಂದಕ್ಕೆ ಸಾಲಾಗಿ ಕಲ್ಲು ಇಡ್ತೀವಿ.”

ಅವರಿಗೆ ಬಹಳ ಖುಷಿಯಾಯಿತು. “ಆಹಾ! ಯಾವ ಭಾಷೆಯವನಾದ್ರೂ ಅರ್ಥ ಮಾಡ್ಕೋತಾನೆ. ನಾವು ಆರು ದೇಶದವರು ಕೂತು ಇದನ್ನೇ ತಾನೆ ಮಾಡ್ತಿರೋದು!” ಎಂದು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಬ್ರೆಡ್ಡು ಕಚ್ಚುತ್ತಾ, “ಸರಿ, ಲಾರಿ ರಿಪೇರಿಯಾಗಿ ಹೋದ್ಮೇಲೆ ಆ ಕಲ್ಲು ಯಾರು ತೆಗೀತಾರೆ?” ಎಂದರು.

ನಮ್ಮ ಕಡೆ ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಉತ್ತರ ಗೊತ್ತು. ಯಾರೂ ತೆಗೆಯುವುದಿಲ್ಲ. ಲಾರಿ ಶುರುವಾದ ಸಂತೋಷದಲ್ಲಿ ಹತ್ತಿ ಹೋಗಿಬಿಡುತ್ತಾರೆ. ಆ ಕಲ್ಲಿಗೆ ಸಿಕ್ಕಿ ಬಿದ್ದ ಬೈಕುಗಳನ್ನು ನಾನೇ ಎತ್ತಿದ್ದೇನೆ. ಅದನ್ನು ಹೇಳಿದೆ. ಅವರು ನಗಲಿಲ್ಲ. “ಇಡೋದು ಅರ್ಧ ಕೆಲಸ,” ಎಂದಷ್ಟೇ ಹೇಳಿದರು. ‘ಕಲ್ಲು’ ಎಂಬ ಮಾತನ್ನು ಕೇಳಿ ಕಲಿತುಕೊಂಡರು. ಅಂದಿನಿಂದ ದಿನದ ಕೆಲಸ ಮುಗಿಸುವಾಗ ಹುಬ್ಬೇರಿಸಿ, “ಕಲ್ಲು?” ಎನ್ನುವರು. ಎಚ್ಚರಿಕೆ ಆರಿಸಿದೆಯಾ ಎಂದು ಅರ್ಥ. ನಾನು “ತೆಗೆದೆ ಅಕ್ಕ” ಎನ್ನುವೆ.

ಪ್ರೊಬೇಷನ್ ಮುಗಿಯಲು ಐದು ವಾರವಿದ್ದಾಗ ದೊಡ್ಡ ಪರೀಕ್ಷೆ ಬಂತು. ಮೂರು ದೇಶದ ಲಾರಿಗಳು, ಒಂದೇ ಎಚ್ಚರಿಕೆ. ನಾನು ಗುಂಡಿ ಒತ್ತಿದೆ. ಮೂರರಲ್ಲೂ ಮೂರು ಭಾಷೆಯಲ್ಲಿ ಸರಿಯಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ದಾಲ್ಚಿನ್ನಿ ಬನ್ನು ತರಿಸಿದರು, ಕಾಫಿ ಬಗ್ಗಿಸಿದರು. ಮಾಡಿದ ಕೆಲಸಕ್ಕೆಲ್ಲ ಗುರುತು ಹಾಕುವ ಪಟ್ಟಿಯ ಕೊನೆಯಲ್ಲಿ ‘ಎಚ್ಚರಿಕೆ ಆರಿಸಲಾಗಿದೆ’ ಎಂಬ ಸಾಲಿತ್ತು. ಕಾಫಿ ಕುಡಿದು ಆರಿಸಿದರಾಯಿತು ಎಂದು ಆಗಲೇ ಗುರುತು ಹಾಕಿ ಎದ್ದೆ. ಅಕ್ಕ ಅವತ್ತು ಡೆಂಟಿಸ್ಟ್ ಹತ್ತಿರ ಹೋಗಬೇಕೆಂದು ಬೇಗ ಹೊರಟಿದ್ದರು. ಕಲ್ಲು ಎಂದು ಕೇಳುವವರು ಇರಲಿಲ್ಲ. ನಾನು ಬನ್ನು ತಿಂದು, ಮಗನನ್ನು ಡಾಗಿಸ್‌ನಿಂದ, ಇಲ್ಲಿಯ ಶಿಶುವಿಹಾರದಿಂದ, ಕರೆದುಕೊಂಡು ಮನೆಗೆ ಹೋದೆ.

ಮರುದಿನ ಹತ್ತು ಗಂಟೆಗೆ ಅಕ್ಕ ಕೋಟು ಬಿಚ್ಚದೆಯೇ ನನ್ನ ಮೇಜಿನ ಹತ್ತಿರ ಬಂದರು.

“ಕಲ್ಲು?”

“ತೆಗೆದೆ ಅಕ್ಕ.” ಬಾಯಿಗೆ ರೂಢಿಯಾಗಿತ್ತು. ಬಂದುಬಿಟ್ಟಿತು.

ಅವರು ನನ್ನ ಜಾಕೆಟ್ ಎತ್ತಿ ಕೈಗೆ ಕೊಟ್ಟರು. ಕಾರಿನಲ್ಲಿ ಪರೀಕ್ಷೆ ನಡೆದ ಜಾಗಕ್ಕೆ ಕರೆದುಕೊಂಡು ಹೋದರು. ಎರಡೂ ಕಡೆ ಪೈನ್ ಮರ, ನಡುವೆ ಖಾಲಿ ರಸ್ತೆ. ಪರದೆಯಲ್ಲಿ ಹಳದಿ ಚಿತ್ರ ಮಿನುಗಿತು: ಮುಂದೆ ರಸ್ತೆಯಲ್ಲಿ ಜನರಿದ್ದಾರೆ.

ಗಾಡಿ ಪಕ್ಕಕ್ಕೆ ಹಾಕಿ ಕೇಳಿದರು: “ಎಲ್ಲಿ, ತೋರ್ಸು ಜನಾನ.”

ಲ್ಯಾಪ್‌ಟಾಪ್ ತೆಗೆದು ಎಚ್ಚರಿಕೆ ಆರಿಸಿದೆ. ಆಗ ಅವರು ಉಳಿದದ್ದು ಹೇಳಿದರು. ಅಲ್ಲಿಂದ ಸ್ವಲ್ಪ ಮುಂದೆ, ಅದೇ ರಸ್ತೆಯಲ್ಲಿ, ಅವತ್ತು ಬೆಳಿಗ್ಗೆ ನಿಜವಾಗಿಯೇ ಕೆಲಸ ನಡೆದಿತ್ತು. ಅಕ್ಕನ ಹಳೆಯ ಜೊತೆಗಾರರೇ. ನಮ್ಮ ಪರೀಕ್ಷೆಗೆ ಬರುವ ಲಾರಿಗಳಲ್ಲಿ ಒಂದು, ನಿಜವಾದ ಎಚ್ಚರಿಕೆ ಬಂದರೂ ವೇಗ ಇಳಿಸದೆ, ಸಾಲಾಗಿಟ್ಟ ಕೋನುಗಳನ್ನು ಹಾರಿಸಿಕೊಂಡು ಹೋಗಿತ್ತು. ಒಬ್ಬ ಕೆಲಸಗಾರ ಹುಲ್ಲಿನ ಮೇಲೆ ಹಾರಿ ಉಳಿದುಕೊಂಡಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ.

“ಡ್ರೈವರ್ ಏನಂತಾನೆ ಗೊತ್ತಾ? ಸ್ವಲ್ಪ ಹಿಂದೇನೂ ಇದೇ ಬಂತು, ನಿಧಾನ ಮಾಡಿದೆ, ಒಬ್ಬರೂ ಇರ್ಲಿಲ್ಲ, ಇದೂ ಹಾಗೇ ಅಂದ್ಕೊಂಡೆ ಅಂತಾನೆ. ಯಾರೂ ನಂಬ್ತಿಲ್ಲ. ಎಚ್ಚರಿಕೆ ಆರಿಸಿದೆ ಅಂತ ನೀನು ಪಟ್ಟಿಯಲ್ಲಿ ಗುರುತು ಹಾಕಿದ್ದೀಯಲ್ಲ. ಅವನನ್ನ ಕೆಲಸದಿಂದ ತೆಗೀತಾರಂತೆ.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಕ್ಕ ಮುಂದುವರಿಸಿದರು:

“ನಾಳೆ ಆರು ದೇಶದವರೂ ಮೀಟಿಂಗಲ್ಲಿ ಇರ್ತಾರೆ. ನಾನು ಹೇಳಲ್ಲ. ನೀನು ಹೇಳ್ಬೇಕು. ಪಕ್ಕದಲ್ಲಿ ಕೂತಿರ್ತೀನಿ.”

ಆಫೀಸಿನಲ್ಲಿ ಬೆಂಗಳೂರಿನವನೇ ಆದ ಗೆಳೆಯನೊಬ್ಬನಿದ್ದ. ಅವನ ಹತ್ತಿರ ಹೇಳಿಕೊಂಡೆ. “ಗುರು, ತಲೆ ಕೆಟ್ಟಿದ್ಯಾ? ಪ್ರೊಬೇಷನ್ ಮುಗಿಯೋವರೆಗೂ ಬಾಯಿ ಮುಚ್ಕೊಂಡಿರು. ಕಂಪ್ಯೂಟರ್ ಲಾಗ್ ತೆಗೆದು ಯಾರೂ ನೋಡಲ್ಲ. ಕೆಲಸ ಹೋದ್ರೆ ಈ ದೇಶದಲ್ಲಿರೋ ಪರ್ಮಿಟ್ಟೂ ಹೋಗುತ್ತೆ, ನೆನಪಿರ್ಲಿ,” ಎಂದ. ಅವನು ಕೆಟ್ಟವನಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ.

ಮನೆಯಲ್ಲಿ ನನ್ನವಳು ಪೂರ್ತಿ ಕೇಳಿಸಿಕೊಂಡು, ಮಗನ ಚಳಿ ಬಟ್ಟೆ ಒಗೆಯಲು ಹಾಕುತ್ತಾ ಅಂದಳು: “ರೀ, ಆ ಡ್ರೈವರ್ ಮನೇಲೂ ಯಾರೋ ಇವತ್ತು ನನ್ ಥರಾನೇ ಕೂತಿರ್ತಾರಲ್ವಾ? ಹೇಳ್ಬಿಡಿ. ವಾಪಸ್ ಕಳ್ಸಿದ್ರೆ ಶಿರಾದಲ್ಲಿ ಲಾರಿಗೇನು ಬರ ಬಂದಿಲ್ಲ.”

ಮೀಟಿಂಗಿನಲ್ಲಿ ಎಲ್ಲರೂ ಡ್ರೈವರ್‌ನ ತಪ್ಪಿನ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಕೈ ಎತ್ತಿದೆ. ಬರೆದುಕೊಂಡು ಹೋಗಿದ್ದ ಇಂಗ್ಲಿಷು ಮರೆತುಹೋಯಿತು. “ಡ್ರೈವರ್ ಹೇಳಿದ್ದು ನಿಜ. ಎಚ್ಚರಿಕೆ ನಾನು ಆರಿಸಲಿಲ್ಲ. ಆರಿಸಿದೆ ಎಂದು ಗುರುತು ಹಾಕಿದೆ,” ಎಂದಷ್ಟೇ ಹೇಳಿದೆ. ಪರದೆಯ ಮೇಲಿನ ಮುಖಗಳು ನಿಂತುಹೋದಂತಿದ್ದವು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

ಆಗ ಅಕ್ಕ, ಒಂದು ಸಲ ಹಿಂದೆ ತಿರುಗಿ ನೋಡಿ, ಮೈಕಿನ ಹತ್ತಿರ ಬಗ್ಗಿದರು. “ಇನ್ನೊಂದು ಮಾತು. ನಿನ್ನೆ ಬೆಳಿಗ್ಗೆ ಆರೂವರೆಗೆ ನಾನು ಆ ಸುಳ್ಳು ಎಚ್ಚರಿಕೆ ನೋಡಿದ್ದೆ. ಅಲ್ಲೇ ನಿಲ್ಲಿಸಿ ಫೋನ್ ಮಾಡ್ಬೇಕಿತ್ತು. ಆಫೀಸಿಗೆ ಹೋಗಿ ಕೇಳಿದ್ರಾಯ್ತು ಅಂತ ಬೆನ್ನು ನೋವಿನ ಡಾಕ್ಟರ್ ಹತ್ರ ಹೋದೆ. ಇಪ್ಪತ್ತಾರು ವರ್ಷ ರಸ್ತೆಯಲ್ಲಿದ್ದವಳು ನಾನು. ಇವನಿಗಿಂತ ನನಗೆ ಚೆನ್ನಾಗಿ ಗೊತ್ತಿರ್ಬೇಕಿತ್ತು.”

ಇದನ್ನು ಅವರು ನನಗೂ ಹೇಳಿರಲಿಲ್ಲ. ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಅವರ ಕಡೆ ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ ಕೂತಿದ್ದರು.

ಡೆನ್ಮಾರ್ಕಿನ ಹೆಂಗಸೊಬ್ಬರು ಮೆಲ್ಲಗೆ, “ನಮ್ಮಲ್ಲೂ ಒಂದು ಎಚ್ಚರಿಕೆ ವಾರವೆಲ್ಲ ಹಾಗೇ ಉಳಿದಿತ್ತು. ನಾವು ಹೇಳಿರಲಿಲ್ಲ,” ಎಂದರು. ಆಮೇಲೆ ಇನ್ನೊಂದು ದೇಶದವರೂ ಹೇಳಿದರು. ಅವತ್ತು ಎಲ್ಲರೂ ಸೇರಿ ಒಂದು ನಿಯಮ ಮಾಡಿದರು: ಆರಿಸಲು ಯಾರಾದರೂ ಮರೆತರೂ ಎಚ್ಚರಿಕೆ ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರಿಹೋಗಬೇಕು. ಸ್ಥಳದಲ್ಲಿರುವ ಮನುಷ್ಯ ಮತ್ತೆ ಒತ್ತಿದರೆ ಮಾತ್ರ ಉಳಿಯಬೇಕು.

ಡ್ರೈವರ್‌ನ ಕೆಲಸ ಉಳಿಯಿತು. ಅಕ್ಕ ನನ್ನನ್ನು ಅವನ ಲಾರಿ ಅಂಗಳಕ್ಕೂ ಕರೆದೊಯ್ದು ಕ್ಷಮೆ ಕೇಳಿಸಿದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ನನಗೆ ಆಫೀಸಿನಿಂದ ಎಚ್ಚರಿಕೆ ಪತ್ರ ಬಂತು. ಪ್ರೊಬೇಷನ್ ಇನ್ನಷ್ಟು ದಿನ ಮುಂದುವರಿಯಿತು. ಆದರೆ ಕಳಿಸಲಿಲ್ಲ. ನನ್ನ ಮಗ ಇವತ್ತು ಇಲ್ಲಿ ಎರಡನೇ ಕ್ಲಾಸು.

ಅಕ್ಕ ಆಮೇಲೆ ನಿವೃತ್ತರಾಗಿ ಎಸ್ಕಿಲ್‌ಸ್ಟುನಾದ ಹತ್ತಿರ ಮಗಳ ಮನೆ ಸೇರಿದರು. ಹಬ್ಬಕ್ಕೆ ಹೋಳಿಗೆ ಒಯ್ದು ಕೊಟ್ಟರೆ ಬಾಗಿಲಲ್ಲೇ “ಕಲ್ಲು?” ಎನ್ನುವರು. ಈ ವಸಂತದಲ್ಲಿ ಹೋಗಿಬಿಟ್ಟರು.

ಅಂತ್ಯಸಂಸ್ಕಾರದ ದಿನ ಪರೀಕ್ಷೆಯ ಕಾರನ್ನೇ ಕೇಳಿ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಪರದೆ ಮಿನುಗಿತು: ಮುಂದೆ ರಸ್ತೆಯಲ್ಲಿ ಜನರಿದ್ದಾರೆ. ವೇಗ ಇಳಿಸಿದೆ. ತಿರುವು ದಾಟಿದರೆ ನಿಜವಾಗಿಯೂ ಇದ್ದರು, ಕಿತ್ತಳೆ ಬಟ್ಟೆಯ ಐದು ಜನ. ಅವರ ಹಿಂದೆ ಹಳದಿ ಲಾರಿ. ಅದರಲ್ಲಿ ಕೂತಿದ್ದ ಹೆಂಗಸು ಎಡಗನ್ನಡಿಯಲ್ಲಿ ನನ್ನನ್ನು ನೋಡಿ, ಒಂದು ಬೆರಳೆತ್ತಿ ವಂದಿಸಿದಳು.

ಚರ್ಚಿನಲ್ಲಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಶವಪೆಟ್ಟಿಗೆಯ ಮೇಲೆ ಒಂದು ಹೂ ಇಟ್ಟೆ. ಹೊರಗೆ ಅವರ ಮಗಳು ಹತ್ತಿರ ಬಂದು ಕೈ ಹಿಡಿದುಕೊಂಡು, “ನೀವೇ ತಾನೆ ಆ ಕಲ್ಲಿನವರು? ನನ್ನ ಮಕ್ಕಳು ಆಟದ ಸಾಮಾನು ಎತ್ತಿಡದೆ ಹೋದ್ರೆ ಅಮ್ಮ ‘ಕಲ್ಲು’ ಅಂತ ಕೂಗ್ತಿದ್ರು. ಅದು ಯಾವ ಭಾಷೆ ಅಂತಾನೂ ಅವಕ್ಕೆ ಗೊತ್ತಿಲ್ಲ,” ಎಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

ಸಂಜೆ ಅದೇ ರಸ್ತೆಯಲ್ಲಿ ವಾಪಸು ಬಂದೆ. ಆ ತಿರುವು ಹತ್ತಿರ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಪರದೆ ಸುಮ್ಮನಿತ್ತು. ತಿರುವು ದಾಟಿ ನೋಡಿದರೆ ಜನರೂ ಇಲ್ಲ, ಲಾರಿಯೂ ಇಲ್ಲ, ಹೊಸ ಡಾಂಬರಿನ ಕಪ್ಪು ಗುರುತು ಮಾತ್ರ. ಹೋಗುವ ಮುನ್ನ ಯಾರೋ ಮರೆಯದೆ ಕಲ್ಲು ತೆಗೆದಿದ್ದರು.