ಗುಲಾಬಿಗೆ ಹೊಲಿದ ಕುಂಚಿಗೆ

ಸುಟ್ಟ ಭತ್ತದ ಹೊಟ್ಟಿನ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ನುಗ್ಗಿತೆಂದರೆ ಸಿಂಧನೂರು ಬಂತೆಂದೇ ಲೆಕ್ಕ. ಮಸ್ಕಿಯಿಂದ ಹೋಗುವಾಗ ಕಣ್ಣು ಮುಚ್ಚಿ ಕೂತಿದ್ದರೂ ನನಗೆ ತಿಳಿಯುತ್ತದೆ. ಬಿಸಿಯಾದ, ಗಂಟಲಿನಲ್ಲಿ ಕೆರೆಯುವ ಆ ವಾಸನೆಯ ಹಿಂದೆಯೇ ನಮ್ಮ ಮನೆ ಎದ್ದು ಬರುತ್ತದೆ: ಅಕ್ಕಿ ಮಿಲ್ಲಿನ ಕಂಪೌಂಡಿಗೆ ಬೆನ್ನು ಕೊಟ್ಟು ನಿಂತಿದ್ದ ತಗಡಿನ ಮನೆ, ಹಿಂದೆ ಬಚ್ಚಲ ನೀರು ಹರಿಯುವ ಹಿತ್ತಲು, ಆ ಹಿತ್ತಲಲ್ಲಿ ನೀಲಕ್ಕನ ಗುಲಾಬಿ. ಈಗ ಅಲ್ಲಿ ಟ್ರ್ಯಾಕ್ಟರ್ ಶೋರೂಮು ನಿಂತಿದೆ. ಅಪ್ಪ, ಅವ್ವ ಇಲ್ಲ. ನೀಲಕ್ಕನೂ ಹೋಗಿ ವರ್ಷವಾಯಿತು. ಹೋದವರ ಮನೆಯನ್ನು ವಾಸನೆಯಿಂದಲೇ ಗುರುತು ಹಿಡಿಯುವವರು ನಿಮ್ಮಲ್ಲೂ ಇರುತ್ತಾರೆ; ಅದಕ್ಕೇ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮಿಲ್ಲಿನವರು ಹೊಟ್ಟನ್ನೇ ಉರಿಸಿ ಭತ್ತ ಕುದಿಸುತ್ತಿದ್ದರು. ಸಂಜೆ ಬಾಯ್ಲರ್ ಹೊತ್ತಿಸಿದರೆ ಚಿಮಣಿಯಿಂದ ಎದ್ದ ಕರಿ ಬೂದಿ ಒಣಹಾಕಿದ ಬಟ್ಟೆ, ಹಪ್ಪಳ, ನೀರಿನ ಕೊಡ ಎಲ್ಲದರ ಮೇಲೂ ಉದುರುತ್ತಿತ್ತು. ಅಂಥ ಜಾಗದಲ್ಲಿ ಅಕ್ಕ ಗುಲಾಬಿ ಬೆಳೆಸಿದ್ದಳು. ಮಸ್ಕಿ ಸಂತೆಯಿಂದ ತಂದ ಕಡ್ಡಿಯಂಥ ಸಸಿ, ಒಡೆದ ಕೊಡದಲ್ಲಿ ನೆಟ್ಟಿದ್ದು. ಆ ಚಳಿಗಾಲದಲ್ಲಿ ಅದರ ತುದಿಗೆ ದಪ್ಪ ಮೊಗ್ಗೊಂದು ಬಂತು. ಶಕ್ತಿಯೆಲ್ಲ ಅದೊಂದಕ್ಕೇ ಹೋಗಲೆಂದು ಪಕ್ಕದ ಚಿಕ್ಕ ಮೊಗ್ಗುಗಳನ್ನು ಅಕ್ಕ ಉಗುರಿನಿಂದ ಚಿವುಟಿದಳು. ಲಿಂಗಸುಗೂರಿನಲ್ಲಿ ಫಲಪುಷ್ಪ ಪ್ರದರ್ಶನವಿತ್ತು. ಅದಕ್ಕೆ ಹೆಸರು ಕೊಟ್ಟಿದ್ದಳು. ಬೇಸಿಗೆಗೆ ಅವಳ ಲಗ್ನ ಗೊತ್ತಾಗಿತ್ತು. ಗಂಡನ ಮನೆ ಮುಕ್ಕುಂದದಲ್ಲಿ, ದೊಡ್ಡ ಒಕ್ಕಲುತನ. ಅಲ್ಲಿಗೆ ಹೋದ ಮೇಲೆ ಹೂವಿಗೆ ಹೊತ್ತೆಲ್ಲಿ? ಇದೊಂದು ಸಲ ತನ್ನ ಹೂವನ್ನು ಮಂದಿ ನಿಂತು ನೋಡಬೇಕು ಎಂಬುದೇ ಅವಳ ಆಸೆ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಹಬ್ಬ! ಅಕ್ಕ ಮುರಿದ ಕೊಡೆಯ ಕಡ್ಡಿಗಳನ್ನು ಬಾಗಿಸಿ, ಅಪ್ಪನ ಹಳೆ ಧೋತರದ ತೆಳು ತುಂಡನ್ನು ಅದಕ್ಕೆ ಹೊಲಿದು, ಕೂಸುಗಳ ತಲೆಗೆ ಹಾಕುವ ಕುಂಚಿಗೆಯಂಥದ್ದನ್ನು ಮಾಡಿದಳು. ಗಿಡದ ಪಕ್ಕ ಕೋಲು ನೆಟ್ಟು ಅದಕ್ಕೆ ಕಟ್ಟಿದರೆ ಎಸಳಿಗೆ ಬಟ್ಟೆ ತಾಗದು, ಗಾಳಿ ಆಡುತ್ತದೆ, ಬಿಸಿಲೂ ಬೂದಿಯೂ ಹೊರಗೇ. ಮಿಲ್ಲಿನಲ್ಲಿ ಚೀಲ ಹೊತ್ತು ಬಂದ ಅಪ್ಪ ಉಣ್ಣಲು ಕೂರುವ ಮೊದಲು ಹಿತ್ತಲಿಗೇ ಹೋಗುತ್ತಿದ್ದ. "ಕೂಸು ಮಲಗೇತೇನು?" ಎಂದು ಪಿಸುಗುಟ್ಟುತ್ತಿದ್ದ. "ಸಾವಕಾಶ ಮಾತಾಡಪ್ಪಾ, ಎದ್ದೀತು" ಎಂದು ಅಕ್ಕ ಬಾಯಿಗೆ ಬೆರಳಿಡುತ್ತಿದ್ದಳು. "ಅಪ್ಪಗೂ ಮಗಳಿಗೂ ಹುಚ್ಚ ಹಿಡದೈತಿ" ಎಂದು ನಗುವ ಅವ್ವ, ಅಕ್ಕಿ ತೊಳೆದ ನೀರನ್ನು ಮಾತ್ರ ತಪ್ಪದೆ ಗಿಡಕ್ಕೇ ಸುರಿಯುತ್ತಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದ ನನಗೆ ಅದಕ್ಕಿಂತ ದೊಡ್ಡ ಸಂಗತಿ ಲೋಕದಲ್ಲಿರಲಿಲ್ಲ. ಬೆಳಿಗ್ಗೆ ಎದ್ದವಳೇ ಓಡುತ್ತಿದ್ದೆ. ನೆಲಕ್ಕೆ ಗಲ್ಲ ತಾಗಿಸಿ ಕೆಳಗಿನಿಂದ ಇಣುಕಿದರೆ ಒಳಗೆ ತಂಪು ನೆರಳು. ಆ ನೆರಳಿನಲ್ಲಿ ಕುಂಕುಮಕ್ಕಿಂತ ಗಾಢವಾದ ಕೆಂಪು ದಿನದಿನಕ್ಕೂ ಬಿಚ್ಚಿಕೊಳ್ಳುತ್ತಿತ್ತು. ಉಸಿರೆಳೆದರೆ ಹಸಿ ಮಣ್ಣು ಮತ್ತು ಗುಲಾಬಿಯ ವಾಸನೆ ಒಟ್ಟಿಗೇ ಎದೆಯೊಳಗೆ ಇಳಿಯುತ್ತಿತ್ತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅಕ್ಕ, ಮರುದಿನ ಉಡಲು ಗೆಳತಿಯ ಸೀರೆ ಇಸಕೊಂಡು ಬರಲು ಅವ್ವನ ಜೊತೆ ಹೊರಟಳು. "ಕಮಲೀ, ಗಂಟ ಬಿಚ್ಚಬ್ಯಾಡ ನೋಡು. ಎಲ್ಲೆರ ಬೂದಿ ಬಿದ್ರ ಕೈ ಹಚ್ಚಬ್ಯಾಡ, ಬರೇ ಊದು." ಅವರು ಓಣಿ ದಾಟಿದರೋ ಇಲ್ಲವೋ, ಪಕ್ಕದ ಮನೆಯ ಗಂಗಿ ಗೋಡೆಯ ಮೇಲಿಂದ ತಲೆ ಹಾಕಿದಳು.

"ಏನಬೇ, ಅದರಾಗ ಹೂವರ ಐತೋ, ಬರೇ ನಿಮ್ಮಪ್ಪನ ಧೋತರ ಐತೋ?"

"ಸಿಂಧನೂರಾಗ ಯಾರ ಮನ್ಯಾಗೂ ಇಲ್ಲದ ಹೂವೈತಿ!"

"ಹೌದಾ? ಹಂಗಾರ ತೋರ್ಸು ನೋಡೂಣು."

ಗಂಟು ಬಿಚ್ಚಿ ಕುಂಚಿಗೆಯನ್ನು ಎತ್ತಿಯೇ ಬಿಟ್ಟೆ. ಗಂಗಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅದನ್ನು ಕಂಡು ನನಗೆ ಹಿಗ್ಗು ತಡೆಯಲಾಗಲಿಲ್ಲ. ಓಣಿಯ ಹುಡುಗಿಯರನ್ನೆಲ್ಲ ಕರೆತರಲು ಹೂವನ್ನು ಹಾಗೇ ಬಿಟ್ಟು ಓಡಿದೆ. ಕುಣಿಯುತ್ತ, ಒಬ್ಬರನ್ನೊಬ್ಬರು ದೂಡುತ್ತ ನಾವು ಬರುವಷ್ಟರಲ್ಲಿ ಮಿಲ್ಲಿನವರು ಅಂದು ಹೊತ್ತಿಗೆ ಮೊದಲೇ ಬಾಯ್ಲರ್ ಹೊತ್ತಿಸಿದ್ದರು. ಕೆಂಪಿನ ಮೇಲೆಲ್ಲ ಕರಿ ಬೂದಿ. ಊದು ಎಂದಿದ್ದ ಮಾತು ಗಾಬರಿಯಲ್ಲಿ ಎಲ್ಲಿ ಹೋಯಿತೋ, ಲಂಗದ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸಿದೆ. ಒರೆಸಿದಷ್ಟೂ ಬೂದಿ ಮಸಿಯಾಗಿ ಹರಡಿತು, ಎಸಳುಗಳು ಜಜ್ಜಿಹೋದವು. ಹುಡುಗಿಯರು ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ಕುಂಚಿಗೆಯನ್ನು ನೆಲಕ್ಕೆ ಒಗೆದೆ, ಗಾಳಿಗೆ ಬಿದ್ದಿರುವ ಹಾಗೆ.

"ಗಂಟ ತಾನ ಬಿಚ್ಚಿತಕ್ಕಾ. ಬೂದಿ ಬಿತ್ತು, ನಾ ಒರಸಿದೆ" ಎಂದು, ಅಕ್ಕ ಸೀರೆ ತಂದು ಹಿತ್ತಲಿಗೆ ಬಂದಾಗ ನಾನು ಅಳತೊಡಗಿದೆ. ಅಕ್ಕ ಹೂವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ದಾರವನ್ನು ಕೈಗೆ ತೆಗೆದುಕೊಂಡು ನೋಡಿದಳು. "ನಾನ ಸಡ್ಲ ಕಟ್ಟಿದ್ನೇನೋ. ನೀ ಅಳಬ್ಯಾಡ" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು.

ಆದರೂ ಮರುದಿನ ಅವಳು ನನ್ನನ್ನು ಲಿಂಗಸುಗೂರಿಗೆ ಕರೆದೊಯ್ದಳು. ವಾರದಿಂದ ನಾನು ಆ ಬಸ್ಸಿನದೇ ಕನಸು ಕಾಣುತ್ತಿದ್ದೆನಲ್ಲ. ನೀರು ಚಿಮುಕಿಸಿದ ಶಾಲೆಯ ಮೈದಾನ, ಉದ್ದ ಮೇಜುಗಳ ಮೇಲೆ ಸೇವಂತಿಗೆ, ಡೇಲಿಯಾ, ಬಾಟಲಿಗೊಂದರಂತೆ ಗುಲಾಬಿ. ನಡುವೆ ಒಂದು ಬಾಟಲಿ ಮಾತ್ರ ಖಾಲಿ, ಮುಂದೆ 'ನೀಲಮ್ಮ, ಸಿಂಧನೂರು' ಎಂಬ ಚೀಟಿ. "ಈ ಹೂವೆಲ್ಲೈತವ್ವಾ?" ಎಂದು ಅಲ್ಲಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು. "ನಂದರೀ ಅದು. ನಾ ಸರಿಯಾಗಿ ಕಟ್ಟಲಿಲ್ಲರೀ, ಕೆಟ್ಟು ಹೋತು" ಎಂದಳು ಅಕ್ಕ. ಅವಳ ಕೈಯಲ್ಲಿ ನನ್ನ ಕೈಯಿತ್ತು. ನಾನು ಡೇಲಿಯಾ ನೋಡುತ್ತಿದ್ದೆ.

ಹೇಳಲು ನನಗೆ ಎಷ್ಟೋ ವರ್ಷಗಳಿದ್ದವು. ಮುಕ್ಕುಂದಕ್ಕೆ ಹೋದಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಅವಳು ಚಹಾ ಕೊಟ್ಟು ನನ್ನ ಮಕ್ಕಳ ತಲೆ ಸವರುತ್ತಿದ್ದಳು, ನಾನು ನುಂಗಿಕೊಳ್ಳುತ್ತಿದ್ದೆ. ಅವಳ ಹಿತ್ತಲಲ್ಲಿ ಕರಿಬೇವಿತ್ತು, ಬದನೆಯಿತ್ತು, ಕಾಲುವೆ ನೀರಿಗೆ ಏನು ಹಾಕಿದರೂ ಬರುವಂಥ ಮಣ್ಣಿತ್ತು. "ಒಂದು ಗುಲಾಬಿ ಯಾಕ ಹಚ್ಚಲಿಲ್ಲಕ್ಕಾ?" ಎಂದು ಒಮ್ಮೆ ಕೇಳಿದೆ.

"ಅದನ್ನ ಸಂಬಾಳಿಸೋದು ನನ್ನ ಕೈಲಿ ಆಗಂಗಿಲ್ಲ ಬಿಡವಾ" ಎಂದು, ನನ್ನ ಚೀಲಕ್ಕೆ ಹಾಕಿ ಕಳಿಸಲು ಗಿಡದಿಂದ ಬದನೆಕಾಯಿ ಹರಿಯತೊಡಗಿದಳು.