ಚಿಲಕ ಒಳಗಡೆ ಇರಲಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ವೃದ್ಧಾಶ್ರಮ. ಅದರ ಪಡಸಾಲೆಯ ಕೊನೆಯಲ್ಲಿ ಒಂದು ಮುಚ್ಚಿದ ಬಾಗಿಲ ಮುಂದೆ ರಾಮಾಂಜಿನಮ್ಮ ಕಿವಿಗೊಟ್ಟು ನಿಂತಿದ್ದಾರೆ. ಕೈಯಲ್ಲಿ ಬಿಸಿನೀರಿನ ಬಕೆಟ್ಟು, ಹೆಗಲ ಮೇಲೆ ಟವೆಲ್ಲು. ಒಳಗಿನಿಂದ ಒಂದು ಕೆಮ್ಮು, ಮಂಚ ಕಿರುಗುಟ್ಟಿದ ಸದ್ದು, ಏನಾದರೂ ಸರಿ, ಕೇಳಬೇಕು. ಕೇಳಿಸುವವರೆಗೂ ಅವರು ಅಲ್ಲಾಡುವುದಿಲ್ಲ.

"ಹನ್ನೊಂದು ವರ್ಸ ಆಯ್ತು ಕಣಮ್ಮ ಇಲ್ಲಿಗ್ ಬಂದು. ಇವತ್ಗೂ ಬಾಗ್ಲು ತೆಗಿಯಾಕ್ ಮುಂಚೆ ಭಯ ಆಗ್ತದೆ. ಒಳಗವ್ರೋ ಇಲ್ವೋ, ಇದ್ರೆ ಹೆಂಗವ್ರೋ ಅಂತ" ಎಂದು ಪಕ್ಕದಲ್ಲಿ ನಿಂತ ನನಗೆ ಪಿಸುಗುಡುತ್ತಾರೆ.

ಕೆಮ್ಮು ಕೇಳಿಸುತ್ತದೆ. ಬಾಗಿಲನ್ನು ಮೆಲ್ಲಗೆ ಬಡಿದು, "ಓಬಳಪ್ಪೋ, ಬರ್ಲಾ?" ಎನ್ನುತ್ತಾರೆ. "ತಡಿಯವ್ವಾ, ಪಂಚೆ ಸುತ್ಕಂತಿವ್ನಿ" ಎಂಬ ಉತ್ತರ ಬರುತ್ತದೆ. ರಾಮಾಂಜಿನಮ್ಮ ಕಾಯುತ್ತಾರೆ. ಒಳಗಿನ ಚಿಲಕ ಸರಿದು ಬಾಗಿಲು ತೆರೆಯಲು ಒಂದು ನಿಮಿಷವಾದರೂ ಬೇಕು. ಆ ಬಾಗಿಲಿನ ಹೊರಮೈಯಲ್ಲಿ, ಎದೆಯೆತ್ತರಕ್ಕೆ, ಆರು ಸ್ಕ್ರೂ ತೂತುಗಳಿವೆ. ಹಿಂದೆ ಅಲ್ಲೊಂದು ಚಿಲಕವಿತ್ತು. ಅದನ್ನು ಹಾಕಿಸಿದ್ದು ಬೇರೆ ಯಾರೂ ಅಲ್ಲ, ಇದೇ ರಾಮಾಂಜಿನಮ್ಮ.

ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಅವರ ತವರು. ಈಗ ನಲವತ್ತೆಂಟು ವಯಸ್ಸು. ಲಕ್ವ ಹೊಡೆದು ಮಲಗಿದ್ದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡದ್ದೇ ಅವರು ಕಲಿತ ವಿದ್ಯೆ. ಅತ್ತೆ ತೀರಿಕೊಂಡ ಮರುವರ್ಷ ಗಂಡನೂ ಹೋದರು. ಆ ಕೆಲಸವನ್ನೇ ಹಿಡಿದು ಇಲ್ಲಿಗೆ ಬಂದರು. ಇಲ್ಲೀಗ ಇಪ್ಪತ್ತೆರಡು ಮಂದಿ ಹಿರಿಯರಿದ್ದಾರೆ. ಒಂಬತ್ತು ಜನರನ್ನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು, ಆರು ಜನರಿಗೆ ಮುದ್ದೆ ಮುರಿದು ಕೊಡಬೇಕು. ದಿನಕ್ಕೆ ಹದಿನಾಲ್ಕು ಹಾಸುಬಟ್ಟೆಯಾದರೂ ಒಗೆತಕ್ಕೆ ಬೀಳುತ್ತವೆ. ಹಿರಿಯರ ಕಾಲುಗುರು ಕತ್ತರಿಸುವಾಗ ಅವರು ಕನ್ನಡಕ ಹಾಕಿಕೊಳ್ಳುತ್ತಾರೆ. ತಮ್ಮ ಊಟಕ್ಕೆ ಕೂತಾಗಲೂ ಕಿವಿ ಪಡಸಾಲೆಯ ಕಡೆಗೇ ಇರುತ್ತದೆ.

ಆ ಕಿವಿ ಹಾಗಾಗಲು ಕಾರಣ ನಾಗಲಿಂಗಯ್ಯ. ಎರಡು ವರ್ಷದ ಹಿಂದೆ ಇಲ್ಲಿದ್ದ ನಿವೃತ್ತ ಮೇಷ್ಟ್ರು. ಒಂದು ಮುಂಜಾನೆ ರಾಮಾಂಜಿನಮ್ಮ ಒಲೆ ಹಚ್ಚುತ್ತಿದ್ದಾಗ ಅವರು ಗೇಟು ದಾಟಿ ಹೋದರು. ಆಶ್ರಮದ ಹಿಂದೆ, ಎರಡು ಹೊಲ ದಾಟಿದರೆ ಕೆರೆ. ಮಧ್ಯಾಹ್ನ ಏರಿಯ ಮೇಲೆ ಅವರ ಚಪ್ಪಲಿ ಸಿಕ್ಕವು. ಜೋಡಿಯಾಗಿ, ನೆಟ್ಟಗೆ ಬಿಟ್ಟಿದ್ದ ಚಪ್ಪಲಿ. ಇಷ್ಟು ಹೇಳಿ ರಾಮಾಂಜಿನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಾರೆ.

ಓಬಳಪ್ಪ ಬಂದದ್ದು ಕಳೆದ ಸಂಕ್ರಾಂತಿಯ ಹೊತ್ತಿಗೆ. ನಿಡುಗಲ್ ಕಡೆಯ ಕುರಿ ಸಾಕುವ ಮನೆತನ. ಐವತ್ತು ವರ್ಷ ಕುರಿಯ ಹಿಂದೆ ನಡೆದ ಕಾಲು, ಮನೆ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಮರೆವೂ ಸೇರಿಕೊಂಡಿತು. ಮಗ ಅಂಜಿನಮೂರ್ತಿ ಸಂಕ್ರಾಂತಿ ಕಳೆದರೆ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುವವನು, ಜೊತೆಗೆ ಹೆಂಡತಿ ಮಕ್ಕಳೂ. ವಾಪಸ್ಸು ಮುಂಗಾರಿಗೇ. ದಿನಕ್ಕೊಂದು ಹೊಲದಲ್ಲಿ ಬೀಡು ಬಿಡುವ ಬದುಕಿನಲ್ಲಿ ಮುರಿದ ಸೊಂಟದ ಅಪ್ಪನನ್ನು ಎಲ್ಲಿ ಮಲಗಿಸುವುದು? ಮಗಳು ಮಂಗಳಗೌರಿ ಗಂಡನ ಮನೆಯಲ್ಲಿದ್ದಾಳೆ, ಅಂಗನವಾಡಿ ಸಹಾಯಕಿ. ಅಣ್ಣ ತಂಗಿ ಮಾತಾಡಿಕೊಂಡು, ಮಳೆ ಬಿದ್ದಮೇಲೆ ಮನೆಗೆ ಕರೆದೊಯ್ಯುತ್ತೇವೆ ಎಂದು ಅಪ್ಪನ ಕೈ ಹಿಡಿದು ಹೇಳಿ ಇಲ್ಲಿ ಬಿಟ್ಟರು. ಅಂದಿನಿಂದ ಮಂಗಳಗೌರಿ ಒಂದು ಭಾನುವಾರವನ್ನೂ ತಪ್ಪಿಸಿಲ್ಲ.

ಬಂದ ನಾಲ್ಕನೇ ದಿನ, ರಾತ್ರಿ ಪಾಳಿಯ ಹೊಸ ನರ್ಸ್ ಹುಡುಗಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಟ್ಟಿದ್ದಳು: "ಓಬಳಪ್ಪ ನಸುಕಿನಲ್ಲಿ ಎದ್ದು ಕೆರೆಗೆ ಹೋಗಬೇಕೆಂದು ಹಟ ಮಾಡುತ್ತಾರೆ." ಹುಡುಗಿ ಬೇರೆ ಜಿಲ್ಲೆಯವಳು. ಆ ಸಾಲು ಓದಿದ್ದೇ ತಡ ರಾಮಾಂಜಿನಮ್ಮನಿಗೆ ಏರಿಯ ಮೇಲಿನ ಚಪ್ಪಲಿ ಕಣ್ಣಿಗೆ ಕಟ್ಟಿತು. ಸೀದಾ ಮ್ಯಾನೇಜರ್ ನಂದೀಶ್ವರಯ್ಯನವರ ಹತ್ತಿರ ಹೋಗಿ, ಹೊರಗಿನಿಂದ ಚಿಲಕ ಹಾಕಿಸಿ ಎಂದರು. ಅವತ್ತೇ ಬಡಗಿ ಬಂದ.

ನಸುಕಿನಲ್ಲಿ ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೆಲವು ದಿನ ಇತ್ತು. ಆಮೇಲೆ ನಿಂತಿತು. ಹಾಸಿಗೆ ಹಾಳಾಗತೊಡಗಿತು, ಡೈಪರ್ ಬಂತು. ಅದನ್ನು ಕಟ್ಟುವಾಗ ಓಬಳಪ್ಪ ಗೋಡೆ ನೋಡುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಲೋಟ ಬಾಯಿಗಿಟ್ಟರೆ ತುಟಿ ಬಿಗಿ. ದಿನಕ್ಕೆ ಒಂದು ಲೋಟವೂ ಒಳಗೆ ಹೋಗದು. ಹೀಗಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಹೆಚ್ಚು ದಿನ ಉಳಿಯಲಾರರು ಎಂದರು ಡಾಕ್ಟರು.

ಭಾನುವಾರ ಬಂದ ಮಂಗಳಗೌರಿ ಅಪ್ಪನ ಒಡೆದ ತುಟಿಗೆ ತುಪ್ಪ ಸವರಿ, ಹೊರಗೆ ಬಂದು ಅತ್ತಳು. "ಸೊಂಟಕ್ಕೆ ಅದನ್ಯಾಕ್ ಕಟ್ಟಿದೀರಾ ಅಂತ ಕೇಳ್ಬೇಕು ಅನ್ನುಸ್ತು. ಹೆಣ್ಮಗಳು, ಅಪ್ಪನ್ ವಿಷ್ಯ ಹೆಂಗ್ ಕೇಳ್ಲಿ? ನಾಚ್ಕೆ ಆಗಿ ಸುಮ್ನಾಗ್ಬುಟ್ಟೆ" ಎಂದು ಈಗ ಹೇಳುತ್ತಾಳೆ. ಆ ಸಂಜೆ ಅಣ್ಣನಿಗೆ ಫೋನ್ ಮಾಡಿದಳು.

ಅಂಜಿನಮೂರ್ತಿ ಮಂದೆಯನ್ನು ಹೆಂಡತಿಗೆ ಒಪ್ಪಿಸಿ, ಹೆಗಲಿನ ಕಂಬಳಿಯಲ್ಲೇ ಬಸ್ಸು ಹತ್ತಿ ಬಂದ. ಮಗನನ್ನು ಕಂಡ ಓಬಳಪ್ಪ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು. "ಲೇ ಅಂಜಿನಾ, ಕೆರೆ ಕಡೆ ಕರ್ಕೊಂಡೋಗ್ಲಾ."

ರಾಮಾಂಜಿನಮ್ಮ ಬಾಗಿಲಿಗೆ ಅಡ್ಡ ನಿಂತರು. ಅಂಜಿನಮೂರ್ತಿ ಮಾತ್ರ ಸುತ್ತಮುತ್ತ ಕಣ್ಣಾಡಿಸಿ, "ಅಕ್ಕಾ, ಚೊಂಬೈತಾ?" ಎಂದ.

"ಚೊಂಬ್ಯಾಕಪ್ಪಾ?"

"ಯಾಕಂದ್ರೆ? ಕೆರೆ ಕಡೆಗ್ ಹೋಗಾಕೆ!"

ರಾಮಾಂಜಿನಮ್ಮನಿಗೆ ಆಗ ಅರ್ಥವಾಯಿತು. ಈ ಸೀಮೆಯ ಊರುಗಳಲ್ಲಿ ಕಕ್ಕಸಿಗೆ ಹೋಗುವುದನ್ನು ಹಿರಿಯರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಕೆರೆ ಕಡೆ ಹೋಗಿ ಬತ್ತೀನಿ" ಎನ್ನುತ್ತಾರೆ. ಕೆರೆ ಬತ್ತಿದ್ದರೂ, ಮನೆಯೊಳಗೇ ಶೌಚಾಲಯ ಬಂದಿದ್ದರೂ ಮಾತು ಅದೇ. ರಿಜಿಸ್ಟರಿನಲ್ಲಿ 'ಕಡೆ' ಎಂಬ ಎರಡಕ್ಷರ ಬಿಟ್ಟುಹೋಗಿತ್ತು, ಅಷ್ಟೇ.

"ತೋವಿನಕೆರೇಲಿ ನಮ್ಮಪ್ಪನೂ ಅಂಗೇ ಅಂತಿದ್ದ. ನಂಗ್ಯಾಕೆ ಹೊಳೀಲಿಲ್ಲ? ಭಯ ಕಣಮ್ಮ. ಭಯ ನನ್ ಕಿವಿ ಮುಚ್ಬುಟ್ಟಿತ್ತು. ಆ ಮನುಷ್ಯ ಮರ್ವಾದೆಯಿಂದ ಒಂದ್ಮಾತು ಕೇಳ್ದ, ನಾನು ಕೋಣೇಲಿ ಕೂಡಿಹಾಕ್ದೆ. ಹಾಸ್ಗೆ ಒದ್ದೆ ಆಗ್ಬಾರ್ದು ಅಂತ್ಲೇ ನೀರ್ ಕುಡಿಯೋದೂ ಬುಟ್ಟಿದ್ದ."

ನಂದೀಶ್ವರಯ್ಯನವರು ಚಿಲಕ ತೆಗೆಸಲು ಸುಲಭಕ್ಕೆ ಒಪ್ಪಲಿಲ್ಲ. ನಾಗಲಿಂಗಯ್ಯ ಕೆರೆಪಾಲಾದಾಗ ಎಲ್ಲರಿಗೂ ಉತ್ತರ ಕೊಟ್ಟವರು ಅವರು. ಕೊನೆಗೆ, "ಹದಿನೈದು ದಿನ ನೋಡೋಣ. ಅವರು ಒಂದು ಸಲ ಗೇಟು ದಾಟಿದ್ರೂ ನೀವು ಮನೆಗೆ ಕರ್ಕೊಂಡು ಹೋಗ್ಬೇಕು" ಎಂದರು. ಮನೆಗೆ ಬೀಗ ಹಾಕಿದ್ದರೂ ಅಂಜಿನಮೂರ್ತಿ ಆಗಲಿ ಎಂದು ತಲೆಯಾಡಿಸಿದ. ಹೊರಗಿನ ಚಿಲಕವನ್ನು ತಾನೇ ಬಿಚ್ಚಿ ಒಳಗೆ ಹೊಡೆದ. ಚೀಲದಲ್ಲಿದ್ದ ಮೇಕೆ ಕೂದಲಿನ ಹಗ್ಗವನ್ನು ಅಪ್ಪನ ಕೋಣೆಯ ಬಾಗಿಲಿನಿಂದ ಪಡಸಾಲೆಯ ಇನ್ನೊಂದು ತುದಿಯ ಶೌಚಾಲಯದ ಬಾಗಿಲವರೆಗೂ ಗೋಡೆಯುದ್ದಕ್ಕೆ ಸೊಂಟದೆತ್ತರಕ್ಕೆ ಬಿಗಿದು ಕಟ್ಟಿದ. ಓಬಳಪ್ಪ ಒಂದು ಕಾಲದಲ್ಲಿ ತಾವೇ ಹೊಸೆದ ಹಗ್ಗ ಅದು. ಮುಂದಿನ ಭಾನುವಾರ ಮಂಗಳಗೌರಿ ಮನೆಯ ಹಿತ್ತಾಳೆ ಚೊಂಬು ತಂದಳು. ಕೇಳಲು ನಾಚಿದ್ದವಳು ಅದನ್ನು ಹುಣಸೆಹಣ್ಣಿನಲ್ಲಿ ಫಳಫಳ ಬೆಳಗಿ ಅಪ್ಪನ ತಲೆದೆಸೆಯಲ್ಲಿಟ್ಟಳು. ಓಬಳಪ್ಪ ಅವತ್ತು ಮೂರು ಲೋಟ ನೀರು ಕುಡಿದರು.

ಹನ್ನೊಂದನೆಯ ದಿನ. ಐದು ಗಂಟೆಗೆ ರಾಮಾಂಜಿನಮ್ಮ ಬಾಗಿಲ ಬಳಿ ಬಂದಾಗ ಅದು ತೆರೆದೇ ಇತ್ತು. ಮಂಚ ಖಾಲಿ. ಚೊಂಬೂ ಇಲ್ಲ. ತಿರುಗಿ ನೋಡಿದರೆ ಹಾಲಿನವನು ಬಂದುಹೋದ ಗೇಟು ಒಬ್ಬ ಆಳು ದಾಟುವಷ್ಟು ತೆರೆದಿದೆ.

ಎರಡು ಹೊಲವನ್ನು ಹೇಗೆ ದಾಟಿದರೋ ರಾಮಾಂಜಿನಮ್ಮನಿಗೇ ನೆನಪಿಲ್ಲ. ಸೆರಗು ಜಾಲಿ ಮುಳ್ಳಿಗೆ ಸಿಕ್ಕಿ ಹರಿಯಿತು. ಏರಿಯ ಮೇಲೆ ಮಂಜು. ಬಗ್ಗಿ ಬಗ್ಗಿ ನೆಲ ನೋಡುತ್ತಾ ಓಡಿದರು. "ನೀರ್ ಕಡೆ ಕಣ್ಣೆತ್ತಾಕ್ ಧೈರ್ಯ ಸಾಲ್ದು. ಚಪ್ಲಿ ಕಾಣ್ದಂಗ್ ಮಾಡಪ್ಪಾ, ಚಪ್ಲಿ ಕಾಣ್ದಂಗ್ ಮಾಡು ಅಂತ ದೇವ್ರಿಗೆ ಹೇಳ್ಕಂತಾನೇ ಓಡ್ದೆ." ಚಪ್ಪಲಿ ಇರಲಿಲ್ಲ. ಅದರಿಂದಲೂ ಸಮಾಧಾನವಾಗಲಿಲ್ಲ.

ನಂದೀಶ್ವರಯ್ಯನವರನ್ನು ಎಬ್ಬಿಸಲೇಬೇಕೆಂದು ಅಳುತ್ತಾ ಪಡಸಾಲೆಗೆ ಓಡಿ ಬಂದವರು ಕಾಲು ತಡವರಿಸಿ ಗೋಡೆಗೆ ಕೈ ಕೊಟ್ಟರು. ಕೈಗೆ ಸಿಕ್ಕಿದ್ದು ಹಗ್ಗ. ಅದನ್ನೇ ಹಿಡಿದು ತುದಿಯವರೆಗೂ ಹೋದರು. ಶೌಚಾಲಯದ ಬಾಗಿಲು ಒಳಗಿನಿಂದ ಹಾಕಿತ್ತು. ಎರಡೂ ಕೈಯಲ್ಲಿ ಬಡಿದರು.

"ಯಾರಮ್ಮಾ ಅದು?" ಒಳಗಿನಿಂದ ಗದರಿದ ದನಿ. "ಮನುಷ್ಯ ಒಂದ್ ಗಳಿಗೆ ನೆಮ್ಮದಿಯಾಗಿ ಕೂರಾಕೂ ಬುಡಲ್ವಲ್ಲ ನೀವು!"

ರಾಮಾಂಜಿನಮ್ಮ ಅಲ್ಲೇ ಗೋಡೆಗೊರಗಿ ಕೂತು ಅತ್ತರು, ನಕ್ಕರು. "ಹಗ್ಗದ ತುದಿ ನೋಡೋದ್ ಬುಟ್ಟು ಗೇಟ್ ನೋಡ್ದೆ. ಭಯ ಇನ್ನೂ ಹೋಗಿಲ್ಲ ನೋಡು ನಂಗೆ."

ಹದಿನೈದು ದಿನ ಕಳೆದವು. ಓಬಳಪ್ಪ ಗೇಟು ದಾಟಲಿಲ್ಲ. ಆಶ್ರಮದಲ್ಲಿ ಹೊರಗಿನ ಚಿಲಕ ಉಳಿದಿರುವುದು ಈಗ ಒಂದೇ ಬಾಗಿಲಿಗೆ, ಹೆಂಗಸರ ಸಾಲಿನ ಕರಿಯಕ್ಕನ ಕೋಣೆಗೆ. ಆಕೆ ನಿಜವಾಗಿಯೂ ದಾರಿ ತಪ್ಪುವವರು. ಆ ಚಿಲಕ ತೆಗೆಯುವುದು ಹೇಗೆಂದು ರಾಮಾಂಜಿನಮ್ಮನಿಗೆ ಇನ್ನೂ ತೋಚಿಲ್ಲ. ಮೊನ್ನೆ ಅಂಜಿನಮೂರ್ತಿಗೆ ಫೋನ್ ಮಾಡಿ, ಇನ್ನೊಂದು ಹಗ್ಗ ಹೊಸೆಯಲು ಎಷ್ಟು ದಿನ ಬೇಕು ಎಂದು ಕೇಳಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದರೆ ಬಕೆಟ್ಟು ಕೆಳಗಿಟ್ಟು ನನ್ನತ್ತ ತಿರುಗುತ್ತಾರೆ. "ನಾಳೆ ನಾನೂ ಇಂಥ ಒಂದ್ ಕೋಣೇಲಿ ಮಲಗಾಕ್ ಬರ್ಬೌದು. ಊಟ ಒಂದ್ ಗಳಿಗೆ ತಡ ಆದ್ರೂ ಆಗ್ಲಿ ಕಣಮ್ಮ. ಚಿಲಕ ಮಾತ್ರ ಒಳಗಡೆ ಇರ್ಲಿ."