ಕೂಲರ್ ಮುಂದಿನ ಕುರ್ಚಿ, ಅಲಮಾರಿಯ ಕೀಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಚಾ ಅಲ್ಲ. ಸೇಡಂ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಎರಡು ವರ್ಷ ಆನ್‌ಲೈನ್ ಡಿಗ್ರಿ ಮಾರಿದ್ದೇನೆ. ಕಾಲೇಜು ಎಲ್ಲಿತ್ತೋ ನಾನೂ ನೋಡಿಲ್ಲ. ನಮ್ಮದು ಅದಕ್ಕೆ ಮಂದಿ ಹಿಡಿದು ಕೊಡುವ ಸೆಂಟರ್. ಹುದ್ದೆಯ ಹೆಸರು ಕೌನ್ಸೆಲರ್, ಮಾಡಿದ್ದೆಲ್ಲ ಫೋನು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆ ಪಿಯುಸಿ ಪಾಸಾದವರ ನಂಬರುಗಳು ಬೆಳಿಗ್ಗೆ ಟೇಬಲ್ಲಿಗೆ ಬರುತ್ತಿದ್ದವು. "ಎರಡೇ ಸೀಟ್ ಉಳಿದಾವ್ರಿ, ಲಗೂನ ಬರ್ರಿ" ಎನ್ನಬೇಕು. ದಿನಾ ಎರಡೇ ಸೀಟು ಉಳಿಯುತ್ತಿದ್ದವು.

ಕೊಡ್ಲಿ ಊರಿನ ಒಬ್ಬ ಅಜ್ಜ ಮೊಮ್ಮಗಳ ಫೋನೆತ್ತಿ ಕೇಳಿದ್ದ: "ಫೋನಿನಾಗಿನ ಕಾಲೇಜಿಗಿ ಸೀಟ್ ಹ್ಯಾಂಗ್ ತೀರ್ತಾವವ್ವ? ಬೆಂಚ್ ಕಡಿಮಿ ಬಿದ್ದಾವೇನ್?" ಫೋನಿಟ್ಟು ಮುಂದಿನ ನಂಬರಿಗೆ ಹೋದೆ. ಆ ಹುಡುಗಿ ಬಚಾವಾದಳು.

ಒಂದೊಂದು ಅಡ್ಮಿಷನ್ನಿಗೆ ಇಷ್ಟೆಂದು ಸಂಬಳದ ಮೇಲೆ ಕೊಡುತ್ತಿದ್ದರು. ಆದರೆ ನಾವು ಐದು ಜನ ಹುಡುಗಿಯರು ಜೀವ ಬಿಡುತ್ತಿದ್ದದ್ದು ಕುರ್ಚಿಗೆ. ಇದ್ದದ್ದು ಒಂದೇ ಕೂಲರ್. ತಿಂಗಳಲ್ಲಿ ಯಾರು ಹೆಚ್ಚು ಮಂದಿಯನ್ನು ಸೇರಿಸುತ್ತಾರೋ ಅವರಿಗೆ ಅದರ ಮುಂದಿನ ಕುರ್ಚಿ. ನಮ್ಮ ಬಿಸಿಲು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಕುರ್ಚಿಯ ಜೊತೆಗೆ ಅಲಮಾರಿಯ ಕೀಲಿಯೂ ಕೈಗೆ ಬರುತ್ತಿತ್ತು. ಅದರೊಳಗೆ ಇದ್ದದ್ದು, ಡಿಗ್ರಿಗೆ ಸೇರಿದವರ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳು. ಪರಿಶೀಲನೆಗೆ ಬೇಕು, ಎಂಟು ದಿನದಲ್ಲಿ ವಾಪಸ್ ಎಂದು ಇಸಿದುಕೊಳ್ಳುತ್ತಿದ್ದೆವು, ಕೊಡುತ್ತಿರಲಿಲ್ಲ. ಕಾರ್ಡು ನಮ್ಮ ಕಡೆ ಇದ್ದರೆ ಯಾರೂ ನಡುವೆ ಬಿಟ್ಟು ಹೋಗುವುದಿಲ್ಲ. ನಾನು ಕೆಲಸಕ್ಕೆ ಸೇರುವಾಗ ನನ್ನ ಬಿ.ಎ. ಕಾರ್ಡುಗಳನ್ನೂ ಹೀಗೆಯೇ ಇಸಿದುಕೊಂಡಿದ್ದರು. ಅವು ಸೆಂಟರಿನ ಮಾಲೀಕರ, ಅಂದರೆ ನಮ್ಮ ಸರ್ ಅವರ, ಮನೆಯಲ್ಲಿದ್ದವು. ಕೊನೆಯ ಮೂರು ತಿಂಗಳು ಆ ಕುರ್ಚಿ ನನ್ನದೇ ಆಗಿತ್ತು. ತಂಪಿನಲ್ಲಿ ಕೂತು ಸುಳ್ಳು ಹೇಳುವುದು ಸುಲಭ.

ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ದಂಡೋತಿಯವಳೊಬ್ಬಳು ಮಗುವನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲೇರಿ ಬಂದಳು. ನಾನೇ ಫೋನ್ ಮಾಡಿ ಸೇರಿಸಿದವಳು.

"ನಮ್ಮೂರ ಅಂಗನವಾಡಿಗಿ ಟೀಚರ್ ತೊಗೊಳ್ಳಾಕತ್ತಾರ್ರಿ. ಲಿಸ್ಟಿನಾಗ ನಂದೇ ಮೊದಲನೇ ಹೆಸರದ. ನಾಳೆ ಮುಂಜಾನಿ ಚಿತ್ತಾಪುರದಾಗ ಒರಿಜಿನಲ್ ತೋರಿಸ್ಬೇಕು. ಇಲ್ಲಂದ್ರ ಎರಡನೇ ನಂಬರಿನಾಕಿಗಿ ಹೋಗ್ತದ. ನನ್ ಕಾರ್ಡ್ ಕೊಡ್ರಿ ಮೇಡಂ."

ಒಳಗಿನ ಕೋಣೆಯಿಂದ ಸರ್ ಹೊರಬಂದರು. "ಮೂರೂ ವರ್ಷದ ಫೀ ಕಟ್ಟಿ ಒಯ್ಯಿ. ಇಲ್ಲಂದ್ರ ಎರಡ್ ಅಡ್ಮಿಷನ್ ತಂದ್ ಕೊಡು, ಇವತ್ತೇ ಒಯ್ಯಿ" ಎಂದು ಹೇಳಿ, ಊಟಕ್ಕೆ ಮನೆಗೆ ಹೋದರು. ಉಂಡು ಮಲಗಿ ನಾಲ್ಕಕ್ಕೆ ಬರುವುದು ಅವರ ರೂಢಿ.

ಅವಳು ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಫೋನು ತೆಗೆದಳು. ಮೊದಲು ನಾದಿನಿಗೆ, ಆಮೇಲೆ ಶಾಲೆಯ ಗೆಳತಿಗೆ. ಕೂಲರಿನ ಸದ್ದಿನಲ್ಲೂ ನನಗೆ ಸ್ಪಷ್ಟವಾಗಿ ಕೇಳಿಸಿತು: "ಭಾಳ ಚೊಲೋ ಕಾಲೇಜ್ ಅದವ್ವ. ಎರಡೇ ಸೀಟ್ ಉಳಿದಾವಂತ, ಲಗೂನ ಬಾ."

ನನ್ನ ಮಾತು, ನನ್ನದೇ ರಾಗ. ಮೈಯೆಲ್ಲ ಉರಿದು ಹೋಯಿತು, ಸರ್ ಮೇಲಲ್ಲ, ನನ್ನ ಮೇಲೆಯೇ. ಎದ್ದು ಹೋಗಿ ಅವಳ ಫೋನ್ ಕಸಿದು ಕಟ್ ಮಾಡಿದೆ. ಅಲಮಾರಿ ತೆಗೆದು ಅವಳ ಎರಡೂ ಕಾರ್ಡು ಹುಡುಕಿ ಕೈಗಿಟ್ಟೆ.

"ಸರ್ ಬೈತಾರಲ್ರಿ ಅಕ್ಕಾ?"

"ನನಗ ಬೈತಾರ. ನೀ ಬಸ್ ಹತ್ತು."

ಅವಳು ಹೋದ ಮೇಲೂ ಅಲಮಾರಿಯ ಬಾಗಿಲು ತೆರೆದೇ ಇತ್ತು. ಮುಚ್ಚಲು ಕೈ ಬರಲಿಲ್ಲ. ಸೇರಿದವರ ಪಟ್ಟಿ ತೆಗೆದು ಕೂತು ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. "ನಿಮ್ಮ ಒರಿಜಿನಲ್ ಕಾರ್ಡ್ ಕೊಡಾಕತ್ತೀವ್ರಿ. ಇವತ್ತೊಂದೇ ದಿನ, ಲಗೂನ ಬರ್ರಿ." ಎರಡು ವರ್ಷದಲ್ಲಿ ನಾನು ಆಡಿದ ಮೊದಲ ಖರೆ ಮಾತು ಅದು. ಉಳಿದ ನಾಲ್ವರಲ್ಲಿ ಒಬ್ಬಳು ಎದ್ದು ಬಂದು, "ವಾಡಿ ಶಹಾಬಾದಿನವರ್ದು ನನಗ ಕೊಡು" ಎಂದು ಪಟ್ಟಿಯ ಅರ್ಧ ಹಾಳೆ ಎಳೆದುಕೊಂಡಳು.

ಸರ್ ನಾಲ್ಕಕ್ಕೆ ಬಂದಾಗ ಬೇಕರಿಯ ತನಕ ಮಂದಿ ನಿಂತಿತ್ತು, ನಾವು ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡು ಕಾರ್ಡು ಕೊಡುತ್ತಿದ್ದೆವು. ಅಷ್ಟು ಜನರನ್ನು ಕಂಡು ಅಡ್ಮಿಷನ್ನಿನ ಗದ್ದಲವೆಂದೇ ತಿಳಿದರು. "ಅಂಗಡಿಯವನೇ, ಎಲ್ಲಾರ್ಗೂ ಚಾ ಕೊಡು" ಎಂದು ಕೆಳಗೆ ಕೂಗಿ ಹೇಳಿ, ನಗುತ್ತ ಮೇಲೆ ಹತ್ತಿದರು. ಅಲಮಾರಿ ಕಂಡ ಮೇಲೆ ನಗು ಹೋಯಿತು.

"ಯಾರ್ ಪರ್ಮಿಷನ್ ತೊಗೊಂಡಿ?"

"ಕಾರ್ಡ್ ಯಾರವೋ ಅವರ್ದು ತೊಗೊಂಡೀನ್ರಿ. ಎಲ್ಲಾರ ಸಹಿ ಅದಾವ, ನೋಡ್ರಿ."

ಮೆಟ್ಟಿಲ ತುಂಬ ಜನರಿದ್ದರು. ಬಾಯಿ ಮಾಡುವ ಧೈರ್ಯ ಅವರಿಗಾಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ನಿನ್ ಕಾರ್ಡ್ ನನ್ ಮನ್ಯಾಗ ಅದಾವ, ನೆನಪಿಟ್ಕೊ" ಎಂದರು.

"ಇಟ್ಕೊಳ್ರಿ" ಎಂದೆ. ಸಾಲಿನಲ್ಲಿ ಉಳಿದವರ ಕಾರ್ಡು ಕೊಟ್ಟು ಮುಗಿಸಿ, ಕೀಲಿಯನ್ನು ಕೂಲರ್ ಮುಂದಿನ ಕುರ್ಚಿಯ ಮೇಲಿಟ್ಟು ಕೆಳಗಿಳಿದೆ. ಚಹಾ ಕುಡಿದೇ ಹೋದೆ.

ನನ್ನ ಕಾರ್ಡುಗಳು ಇವತ್ತಿಗೂ ಅವರ ಹತ್ತಿರವೇ ಇವೆ. ನನ್ನ ಕಡೆ ಇರುವುದು ವಿಶ್ವವಿದ್ಯಾಲಯಕ್ಕೆ ಅಲೆದು ತೆಗೆಸಿದ, ಡೂಪ್ಲಿಕೇಟ್ ಎಂಬ ಮುದ್ರೆ ಬಿದ್ದ ಪ್ರತಿ. ಕೆಲಸ ಕೇಳಲು ಹೋದಲ್ಲೆಲ್ಲ ಒರಿಜಿನಲ್ ಏನಾಯಿತು ಎನ್ನುತ್ತಾರೆ. ಬಸ್ಸಿನಲ್ಲಿ ಕಳೆಯಿತು ಎಂದರೆ ಮಾತು ಮುಗಿಯುತ್ತದೆ. ಆದರೆ ನಾನು ಬೇಕರಿಯ ಮೇಲಿನ ಕೋಣೆಯಿಂದ ಶುರು ಮಾಡಿ ಪೂರ್ತಿ ಹೇಳುತ್ತೇನೆ. ಎರಡು ಕಡೆ ಎಲ್ಲ ಕೇಳಿಸಿಕೊಂಡು, ಆಮೇಲೆ ತಿಳಿಸುತ್ತೇವೆ ಎಂದು ಕಳಿಸಿದರು.

ದಂಡೋತಿಯವಳು ಈಗ ತನ್ನೂರಿನ ಅಂಗನವಾಡಿ ಟೀಚರ್. ಮೊನ್ನೆ ಫೋನ್ ಮಾಡಿದ್ದಳು, ಹಿಂದೆ ಮಕ್ಕಳ ಗಲಾಟೆ. "ಕಳದೋಯ್ತು ಅಂತ ಒಂದ್ ಸುಳ್ಳು ಹೇಳ್ರಿ ಅಕ್ಕಾ, ಕೆಲಸನಾದ್ರೂ ಸಿಗ್ಲಿ" ಎಂದಳು.

"ಸುಳ್ಳಿಗಿ ನನ್ ಕಡಿ ಸೀಟ್ ಉಳದಿಲ್ಲ ತಂಗಿ" ಎಂದೆ.